ಬರೆದವರು ಒಬ್ಬರು, ಪ್ಯಾಕ್ ಮಾಡುವವರು ಇನ್ನೊಬ್ಬರು

2016ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಬಳಸುತ್ತಿದ್ದ ಅನೇಕರ ಕಂಪ್ಯೂಟರ್ ತೆರೆಯ ಮೇಲೆ ಒಂದು ಗದರಿಕೆ ಕಾಣಿಸಿಕೊಂಡಿತು. ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ತೆರೆ ಕಾಯುವ ತಂತ್ರಾಂಶದ ಈ ಆವೃತ್ತಿ ತುಂಬಾ ಹಳೆಯದು, ಬೇಗ ಅಪ್‌ಗ್ರೇಡ್ ಮಾಡಿ ಅಂತ. ಜನಕ್ಕೆ ಗಲಿಬಿಲಿ. ಡೆಬಿಯನ್ ಕೊಟ್ಟ ಅಪ್‌ಡೇಟ್ ಎಲ್ಲವನ್ನೂ ಹಾಕಿಕೊಂಡಿದ್ದರೂ ಅದೇ ಸಂದೇಶ. ಇನ್ನೆಲ್ಲಿಂದ ಅಪ್‌ಗ್ರೇಡ್ ಮಾಡೋದು?

ಆ ಗದರಿಕೆಯನ್ನು ಕೋಡಿನೊಳಗೆ ಇಟ್ಟಿದ್ದವರು ತಂತ್ರಾಂಶ ಬರೆದ ಜೇಮೀ ಝವಿನ್ಸ್ಕಿ. ಅವರ ತಲೆನೋವು ಬೇರೆ. ಎಂದೋ ಸರಿಮಾಡಿದ ದೋಷಗಳ ಬಗ್ಗೆ ಹಳೆಯ ಆವೃತ್ತಿ ಬಳಸುವವರು ಇವತ್ತೂ ಅವರಿಗೇ ದೂರು ಬರೆಯುತ್ತಿದ್ದರು. ಹೊಸದನ್ನು ಕೊಡಿ, ಇಲ್ಲವಾದರೆ ನನ್ನ ತಂತ್ರಾಂಶ ಹಂಚುವುದನ್ನೇ ಬಿಡಿ ಎಂದು ಡೆಬಿಯನ್‌ನವರಿಗೆ ಹೇಳಿದರು. ಡೆಬಿಯನ್‌ನವರದ್ದೂ ಒಂದು ಮಾತಿತ್ತು. ನಮ್ಮ ಸ್ಥಿರ ಆವೃತ್ತಿಯ ಹೆಸರೇ ಸ್ಟೇಬಲ್, ಸ್ಟೇಬಲ್ ಅಂದರೆ ಸ್ಟೇಬಲ್. ಒಮ್ಮೆ ಬಿಡುಗಡೆಯಾದ ಮೇಲೆ ಭದ್ರತೆಯ ತೇಪೆ, ದೊಡ್ಡ ದೋಷಗಳ ರಿಪೇರಿ ಬಿಟ್ಟರೆ ಸಾಮಾನ್ಯವಾಗಿ ಆವೃತ್ತಿ ಬದಲಾಗದು. ಅದನ್ನು ನಂಬಿಯೇ ಜನ ಸರ್ವರ್‌ಗಳನ್ನು ನಡೆಸುತ್ತಾರೆ.

ಇಬ್ಬರೂ ಹೇಳಿದ್ದು ಸರಿಯೇ. ಜಗಳ ಮುಗಿಯದೇ ಇರೋದಕ್ಕೆ ಅದೇ ಕಾರಣ.

ಈ ಲೋಕದಲ್ಲಿ ತಂತ್ರಾಂಶ ಬರೆಯುವವರನ್ನು ಅಪ್‌ಸ್ಟ್ರೀಮ್ ಅನ್ನುತ್ತಾರೆ, ಅದನ್ನು ಪ್ಯಾಕ್ ಮಾಡಿ ಹಂಚುವ ಡೆಬಿಯನ್, ಫೆಡೋರಾದಂಥವರನ್ನು ಡೌನ್‌ಸ್ಟ್ರೀಮ್. ಹೊಳೆಯ ಮೇಲಿನವರು, ಕೆಳಗಿನವರು. ಈ ಥರದ ಜಗಳ ಕಾವೇರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೊದಮೊದಲು ಕೆಳಗಿನವರು ಅಂತ ಯಾರೂ ಇರಲಿಲ್ಲ. ಕೋಡನ್ನು ಇಳಿಸಿಕೊಂಡು, ಕಂಪೈಲ್ ಮಾಡಿ (ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು), ಎಲ್ಲಿ ಮುರಿಯುತ್ತದೋ ಅಲ್ಲಿ ಕೈಯಾರೆ ತಿದ್ದಿಕೊಳ್ಳಬೇಕಿತ್ತು. ಹತ್ತು ಜನ ಅದೇ ದೋಷವನ್ನು ಹತ್ತು ಸಲ ತಿದ್ದುತ್ತಿದ್ದರು. ಎಸ್‌ಎಲ್‌ಎಸ್‌ನಂಥ ಆರಂಭದ ಲಿನಕ್ಸ್ ಕಟ್ಟುಗಳು ಬಂದವು. ಅವುಗಳ ಗುಣಮಟ್ಟ ಕಂಡು ಬೇಸತ್ತ ಇಯಾನ್ ಮರ್ಡಾಕ್ ಎಂಬ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ 1993ರ ಆಗಸ್ಟ್‌ನಲ್ಲಿ ಡೆಬಿಯನ್ ಶುರುಮಾಡಿದರು. ಅವರ ಯೋಚನೆ ಸರಳ. ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವುದು ಆಗದ ಮಾತು. ಒಂದೊಂದು ಪ್ಯಾಕೇಜಿಗೂ ಒಬ್ಬ ಹೊಣೆಗಾರ ಇರಲಿ. ಆ ಹೊಣೆಗಾರನೇ ಮೇಂಟೇನರ್.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಿನಕ್ಸ್‌ನಂಥದೇ ಇನ್ನೊಂದು ಮುಕ್ತ ವ್ಯವಸ್ಥೆಯಾದ ಫ್ರೀಬಿಎಸ್‌ಡಿಯಲ್ಲಿ ಜೋರ್ಡನ್ ಹಬರ್ಡ್ ಇನ್ನೊಂದು ದಾರಿ ಹುಡುಕಿದರು. 1994ರಲ್ಲಿ ಶುರುವಾದ ಅವರ ಪೋರ್ಟ್ಸ್‌ನಲ್ಲಿ ತಂತ್ರಾಂಶವೇ ಇರುತ್ತಿರಲಿಲ್ಲ, ಇದ್ದದ್ದು ಅದನ್ನು ಮಾಡುವ ವಿಧಾನ ಮಾತ್ರ. ಕೋಡ್ ಎಲ್ಲಿಂದ ತರಬೇಕು, ತಂದದ್ದು ಅಸಲಿಯೋ ಎಂದು ತಾಳೆ ನೋಡುವ ಸಂಖ್ಯೆ ಯಾವುದು, ಯಾವ ತೇಪೆ ಹಾಕಬೇಕು, ಯಾವ ಫೈಲ್ ಎಲ್ಲಿ ಕೂರಬೇಕು, ಇಷ್ಟು. ಅಡುಗೆ ನಿಮ್ಮ ಮನೆಯಲ್ಲೇ ಆಗುತ್ತದೆ. ಸಿದ್ಧ ಅಡುಗೆಯೂ ಸಿಗುತ್ತದೆ, ಆದರೆ ವಿಧಾನವನ್ನು ಮೇಕ್‌ಫೈಲ್ ಎಂಬ ಫೈಲಿನಲ್ಲಿ ಬರೆದಿಡುವ ಆ ಪದ್ಧತಿ ಇಂದಿಗೂ ಉಳಿದಿದೆ.

1996ರ ಡೆಬಿಯನ್ 1.1ರಲ್ಲಿ ಇದ್ದದ್ದು 474 ಪ್ಯಾಕೇಜ್. 2023ರ ಡೆಬಿಯನ್ 12ರಲ್ಲಿ 64,000ಕ್ಕೂ ಜಾಸ್ತಿ. ಈ ಗುಡ್ಡೆಯನ್ನು ನೋಡಿಕೊಳ್ಳುವವರಲ್ಲಿ ಬಹುಪಾಲು ಸ್ವಯಂಸೇವಕರು.

ಪ್ಯಾಕ್ ಮಾಡೋದು ಅಂದರೆ ಡಬ್ಬಿಗೆ ತುಂಬಿ ಚೀಟಿ ಅಂಟಿಸಿದಂತಲ್ಲ. ಮೂಲ ಕೋಡಿನ ಪಕ್ಕದಲ್ಲಿ ಡೆಬಿಯನ್ ಎಂಬ ಹೆಸರಿನ ಒಂದು ಫೋಲ್ಡರ್ ಇಡಬೇಕು. ಇದಕ್ಕೆ ಯಾವ ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಬೇಕು, ಹೇಗೆ ಬಿಲ್ಡ್ ಮಾಡಬೇಕು, ಏನೇನು ಬದಲಾಯಿತು ಎಂಬುದೆಲ್ಲ ಅದರೊಳಗೆ. ಪ್ರತಿ ಫೈಲಿನ ಪರವಾನಗಿಯನ್ನೂ ಪಟ್ಟಿಮಾಡಬೇಕು. ಬೇಜಾರಿನ ಕೆಲಸ ಇದೇ. ಹೊಸ ಪ್ಯಾಕೇಜ್ ಒಳಗೆ ಬರುವ ಮೊದಲು ಇನ್ನೊಬ್ಬರು ಅದನ್ನೆಲ್ಲ ಕೂತು ಪರೀಕ್ಷಿಸುತ್ತಾರೆ. ಬಂದ ಮೇಲೂ ಪುರುಸೊತ್ತಿಲ್ಲ. ಒಂದು ಲೈಬ್ರರಿ ಬದಲಾದರೆ ಅದನ್ನು ನೆಚ್ಚಿಕೊಂಡ ನೂರು ಪ್ಯಾಕೇಜ್ ಮುರಿಯಬಹುದು. ಹಳೆಯ ಆವೃತ್ತಿಯಲ್ಲಿ ಭದ್ರತೆಯ ತೂತು ಸಿಕ್ಕಿದರೆ, ಅಪ್‌ಸ್ಟ್ರೀಮ್ ಹೊಸ ಆವೃತ್ತಿಗೆ ಬರೆದ ಪರಿಹಾರವನ್ನು ಹಳೆಯ ಕೋಡಿಗೆ ಹೊಂದುವಂತೆ ಕತ್ತರಿಸಿ ಹೊಲಿಯಬೇಕು.

ನಮಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿ ಸಿಗುತ್ತವೆ. ಒಂದು ಸಾಲಿನ ಆಜ್ಞೆ ಸಾಕು. ಅಕ್ಷರ ರೂಪಿಸಿದವರು ಕನ್ನಡದವರು. ಪ್ಯಾಕೇಜನ್ನು ನೋಡಿಕೊಳ್ಳುವುದು ಡೆಬಿಯನ್‌ನ ಫಾಂಟ್ ತಂಡ. ಅದರಲ್ಲಿ ಕನ್ನಡದ ಒಂದಕ್ಷರವೂ ಬಾರದವರಿದ್ದಾರೆ.

ಇನ್ನು ಜಗಳಕ್ಕೆ ಬರೋಣ. ಮೇಂಟೇನರ್‌ಗೆ ಕೋಡ್ ತಿದ್ದುವ ಹಕ್ಕಿದೆ, ಮುಕ್ತ ತಂತ್ರಾಂಶ ಅಂದರೇ ಅದು. ಆದರೆ ತಿದ್ದಿದ್ದಕ್ಕೆ ಹೆಸರು ಯಾರದ್ದಿರಬೇಕು? 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಈ ಪ್ರಶ್ನೆ ಎತ್ತಿತು. ಫೈರ್‌ಫಾಕ್ಸ್ ಎಂಬ ಹೆಸರು ಬೇಕಿದ್ದರೆ ನಮ್ಮ ಲೋಗೋವನ್ನೂ ಬಳಸಿ, ನಿಮ್ಮ ತೇಪೆಗಳನ್ನು ನಮಗೆ ತೋರಿಸಿ ಒಪ್ಪಿಗೆ ಪಡೆಯಿರಿ ಎಂದಿತು. ಆ ಲೋಗೋದ ಪರವಾನಗಿ ಡೆಬಿಯನ್‌ನ ನಿಯಮಕ್ಕೆ ಹೊಂದುತ್ತಿರಲಿಲ್ಲ. ಕೊನೆಗೆ ಡೆಬಿಯನ್ ಬ್ರೌಸರ್‌ನ ಹೆಸರನ್ನೇ ಬದಲಾಯಿಸಿ ಐಸ್‌ವೀಸಲ್ ಅಂತ ಇಟ್ಟಿತು. ಬೆಂಕಿಗೆ ಎದುರಾಗಿ ಹಿಮ, ನರಿಗೆ ಎದುರಾಗಿ ನೋಡಲು ಮುಂಗುಸಿಯಂತಿರುವ ಇನ್ನೊಂದು ಪ್ರಾಣಿ. ತಮಾಷೆಯೇ, ಆದರೆ ಹತ್ತು ವರ್ಷ ನಡೆದ ತಮಾಷೆ. 2016ರಲ್ಲಿ ರಾಜಿಯಾಗಿ ಹಳೆಯ ಹೆಸರು ಮರಳಿ ಬಂತು.

ಇದು ಹೆಸರಿನ ಜಗಳ, ಯಾರಿಗೂ ನಷ್ಟವಾಗಲಿಲ್ಲ. ನಿಜವಾದ ಪೆಟ್ಟು ಬಿದ್ದದ್ದು 2008ರ ಮೇ 13ರಂದು.

ಕಥೆ ಶುರುವಾಗುವುದು ಅದಕ್ಕೂ ಎರಡು ವರ್ಷ ಹಿಂದೆ. ಓಪನ್‌ಎಸ್‌ಎಸ್‌ಎಲ್ ಅಂದರೆ ಗುಟ್ಟಿನ ಕೀಲಿಗಳನ್ನು ತಯಾರಿಸುವ ಲೈಬ್ರರಿ. ಕೀಲಿ ಊಹೆಗೆ ಸಿಗಬಾರದು ಎಂದರೆ ಯದ್ವಾತದ್ವಾ ಸಂಖ್ಯೆಗಳು ಬೇಕು. ಆ ಭಾಗದ ಕೋಡಿನ ಮೇಲೆ ವಾಲ್‌ಗ್ರೈಂಡ್ ಎಂಬ ದೋಷ ಹುಡುಕುವ ಸಾಧನ ಎಚ್ಚರಿಕೆಗಳನ್ನು ಕೊಡುತ್ತಿತ್ತು. ಬಳಕೆದಾರರು ದೂರಿದರು. ಡೆಬಿಯನ್‌ನ ಮೇಂಟೇನರ್ ಎಚ್ಚರಿಕೆಗೆ ಕಾರಣವಾದ ಎರಡು ಸಾಲು ಕಂಡುಹಿಡಿದು, ತೆಗೆದರೆ ಹೇಗೆ ಎಂದು ಅಪ್‌ಸ್ಟ್ರೀಮ್‌ನವರನ್ನು ಕೇಳಿದರು. ದೊಡ್ಡ ಆಕ್ಷೇಪ ಬರಲಿಲ್ಲ. ತೆಗೆದರು. ಒಂದು ಸಾಲು ತೆಗೆದದ್ದರಿಂದ ಅಂಥ ತೊಂದರೆ ಇರಲಿಲ್ಲ. ಆದರೆ ಇನ್ನೊಂದೇ ಆ ಯದ್ವಾತದ್ವಾ ಗುಣವನ್ನೆಲ್ಲ ಒಳಗೆ ಬಿಡುತ್ತಿದ್ದ ಬಾಗಿಲು. ಅದು ಹೋದ ಮೇಲೆ ಉಳಿದದ್ದು ಪ್ರೋಗ್ರಾಮಿನ ಪ್ರಕ್ರಿಯೆ ಸಂಖ್ಯೆ ಮಾತ್ರ. ಅದು 32,768ರೊಳಗೇ ಇರುತ್ತದೆ. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿಗೆ, ಲೋಕದಲ್ಲೆಲ್ಲ ಇದ್ದದ್ದು ಸುಮಾರು ಅಷ್ಟೇ ಕೀಲಿಗಳು. ಯಾರು ಬೇಕಾದರೂ ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಬೀಗಕ್ಕೆ ಹಾಕಿ ನೋಡಬಹುದಿತ್ತು.

ಡೆಬಿಯನ್‌ನವರೇ ಆದ ಲುಸಿಯಾನೋ ಬೆಲ್ಲೋ ಇದನ್ನು ಪತ್ತೆಹಚ್ಚುವ ಹೊತ್ತಿಗೆ ದೋಷ ಡೆಬಿಯನ್ ಮೇಲೆಯೇ ಕಟ್ಟಿದ ಉಬುಂಟುವಿಗೂ ಹರಿದಿತ್ತು. ಸರಿಯಾದ ಪ್ಯಾಕೇಜ್ ಹಾಕಿದರೆ ಸಾಲದು, ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕು. ಓಪನ್‌ಎಸ್‌ಎಸ್‌ಎಲ್ ತಂಡದ ಬೆನ್ ಲಾರಿ ಹರಿಹಾಯ್ದರು. ಹಂಚುವವರು ತಮ್ಮಷ್ಟಕ್ಕೆ ತೇಪೆ ಹಾಕುವುದೇ ಅಪಾಯ, ತಿದ್ದುಪಡಿಯನ್ನು ಮೂಲಕ್ಕೆ ಕಳಿಸಿ ಎಂಬುದು ಅವರ ವಾದ. ಸರಿಯಾದ ಮಾತೇ. ಆದರೆ ಕೇಳಿದಾಗ ಮೇಲಿನವರು ಸರಿಯಾಗಿ ನೋಡಿರಲಿಲ್ಲ ಎಂಬುದನ್ನೂ ಮರೆಯಬಾರದು.

ಆಮೇಲಿನ ವರ್ಷಗಳಲ್ಲಿ ಗಾಳಿ ಬೇರೆ ಕಡೆ ಬೀಸಿತು. ನಡುವಿನವರು ಬೇಡವೇ ಬೇಡ ಎಂಬ ವಾದಕ್ಕೆ ಬಲ ಬಂತು. ಸ್ನ್ಯಾಪ್, ಫ್ಲಾಟ್‌ಪ್ಯಾಕ್‌ನಂಥ ವ್ಯವಸ್ಥೆಗಳಲ್ಲಿ ಬರೆದವರೇ ತಮ್ಮ ತಂತ್ರಾಂಶವನ್ನು ಬೇಕಾದ ಲೈಬ್ರರಿಗಳ ಸಮೇತ ಕಟ್ಟಿ ನೇರವಾಗಿ ಬಳಕೆದಾರರಿಗೆ ಕೊಡಬಹುದು. ಇನ್ನು ಮುಂದಿನ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗಾಗಿ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶವನ್ನು ಪ್ಯಾಕ್ ಮಾಡುವುದಿಲ್ಲ, ಬೇಕಿದ್ದವರು ಫ್ಲಾಟ್‌ಪ್ಯಾಕ್ ತೆಗೆದುಕೊಳ್ಳಲಿ ಎಂದು 2023ರಲ್ಲಿ ರೆಡ್‌ಹ್ಯಾಟ್ ಕಂಪನಿ ಕೈತೊಳೆದುಕೊಂಡಿತು. ಅಲ್ಲೂ ಜಗಳ ತಪ್ಪಲಿಲ್ಲ. ವಿಡಿಯೋ ರೆಕಾರ್ಡ್ ಮಾಡುವ ಓಬಿಎಸ್ ಸ್ಟುಡಿಯೋ ತಂತ್ರಾಂಶಕ್ಕೆ ಫೆಡೋರಾ ತಾನೇ ಕಟ್ಟಿದ ಫ್ಲಾಟ್‌ಪ್ಯಾಕ್ ಸರಿಯಿಲ್ಲ, ದೂರು ಮಾತ್ರ ನಮ್ಮ ಬಾಗಿಲಿಗೆ ಬರುತ್ತಿದೆ ಎಂದು 2025ರ ಆರಂಭದಲ್ಲಿ ಓಬಿಎಸ್‌ನವರು ಕಾನೂನು ಕ್ರಮದ ಮಾತನ್ನೂ ಆಡಿದರು. ಝವಿನ್ಸ್ಕಿಯ ಹಳೆಯ ದೂರೇ, ಡಬ್ಬಿ ಮಾತ್ರ ಹೊಸದು.

ಇದರ ನಡುವೆ ಬಂದದ್ದು 2024ರ ಮಾರ್ಚ್ 29, ಶುಕ್ರವಾರ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ತಮ್ಮ ಡೆಬಿಯನ್ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಯಂತ್ರದೊಳಗೆ ಹೋಗುವ ದಾರಿ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಗಮನಿಸಿದ್ದರು. ಬಹಳ ಮಂದಿ ಸುಮ್ನೆ ಬಿಟ್ಟುಬಿಡುತ್ತಿದ್ದರು. ಇವರು ಅಗೆದರು. ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಇಟ್ಟ ಹಿಂಬಾಗಿಲು ಸಿಕ್ಕಿತು. ಅದನ್ನು ಇಟ್ಟದ್ದು ಜಿಯಾ ಟಾನ್ ಎಂಬ ಹೆಸರು ಹೊತ್ತ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ಅಪ್‌ಸ್ಟ್ರೀಮ್‌ನಲ್ಲಿ ನಂಬಿಕೆ ಗಳಿಸಿದ್ದ ಖಾತೆ. ದಣಿದಿದ್ದ ಮೂಲ ಲೇಖಕರ ಮೇಲೆ ಹೊಸ ಮೇಂಟೇನರ್‌ನನ್ನು ಸೇರಿಸಿಕೊಳ್ಳಿ ಎಂಬ ಒತ್ತಡವೂ ಬಿದ್ದಿತ್ತು.

ನನಗೆ ಮೈ ಜುಂ ಅನ್ನಿಸಿದ್ದು ಅದರ ಒಂದು ವಿವರ. ಆ ಕೇಡಿನ ಕೋಡ್ ಬಿಲ್ಡ್ ಆಗುವಾಗ ಮೊದಲು ಸುತ್ತಮುತ್ತ ನೋಡುತ್ತಿತ್ತು. ಇಲ್ಲಿ ಡೆಬಿಯನ್ ಫೋಲ್ಡರಿನ ಫೈಲ್ ಇದೆಯೇ? ಅಥವಾ ಫೆಡೋರಾದಂಥವರ ಆರ್‌ಪಿಎಂ ಬಗೆಯ ಪ್ಯಾಕೇಜ್ ಕಟ್ಟುತ್ತಿದ್ದಾರೆಯೇ? ಹೌದಾದರೆ ಮಾತ್ರ ತನ್ನನ್ನು ಒಳಗೆ ಸೇರಿಸಿಕೊಳ್ಳುತ್ತಿತ್ತು. ಅಂದರೆ ಗುರಿ ಇಟ್ಟದ್ದೇ ಪ್ಯಾಕ್ ಮಾಡುವವರ ಕೈಗೆ. ಯಾಕೆಂದರೆ ಎಸ್‌ಎಸ್‌ಎಚ್ ಒದಗಿಸುವ ಮೂಲ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ಯಾವ ನಂಟೂ ಇಲ್ಲ. ನಂಟು ಹುಟ್ಟಿದ್ದು ಕೆಳಗಿನವರ ಒಂದು ತೇಪೆಯಿಂದ. ನಾನು ಶುರುವಾದೆ ಎಂದು ಎಸ್‌ಎಸ್‌ಎಚ್ ಸರ್ವರ್ ಸಿಸ್ಟಂಡಿಗೆ (ಯಂತ್ರದ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ತಿಳಿಸಲೆಂದು ಡೆಬಿಯನ್, ಫೆಡೋರಾದಂಥವರು ಸಿಸ್ಟಂಡಿಯ ಲೈಬ್ರರಿಯನ್ನು ಆ ಸರ್ವರ್‌ಗೆ ಜೋಡಿಸಿದ್ದರು. ಅದರ ಬಾಲ ಹಿಡಿದು ಎಕ್ಸ್‌ಝಡ್ ಲೈಬ್ರರಿ ಒಳಗೆ ಬಂದಿತ್ತು. ಆ ತೇಪೆ ಹಾಕದ ಆರ್ಚ್ ಲಿನಕ್ಸ್‌ನಲ್ಲಿ ಹೊಸ ಎಕ್ಸ್‌ಝಡ್ ಬಂದಿದ್ದರೂ ಎಸ್‌ಎಸ್‌ಎಚ್‌ಗೆ ಈ ದಾರಿ ಇರಲಿಲ್ಲ.

ಹಾಗಾದರೆ ನಡುವಿನವರದ್ದೇ ತಪ್ಪು ಅನ್ನೋಣವೇ? ಅನ್ನುವ ಹಾಗಿಲ್ಲ. ಹಳತು ಹಳತು ಎಂದು ಬೈಸಿಕೊಳ್ಳುವ ಡೆಬಿಯನ್ ಸ್ಟೇಬಲ್‌ಗೆ ಆ ಆವೃತ್ತಿ ತಲುಪಿರಲೇ ಇಲ್ಲ. ಸಿಕ್ಕಿಬಿದ್ದದ್ದು ಅದಕ್ಕೂ ಮುಂಚಿನ ಪರೀಕ್ಷೆಯ ಹಂತಗಳಲ್ಲಿ. ಬೇಗ ಹೊಸದನ್ನು ಹಾಕಿ ಎಂದು ಡೆಬಿಯನ್‌ನವರನ್ನು ಒತ್ತಾಯಿಸಿದ ಅಪರಿಚಿತನೂ ಒಬ್ಬನಿದ್ದ ಎಂಬುದು ಆಮೇಲೆ ಎಲ್ಲರ ಕಣ್ಣಿಗೆ ಬಿತ್ತು. ಆವೃತ್ತಿ ಸಂಖ್ಯೆಯನ್ನು ಹಿಂದಕ್ಕೆ ಇಳಿಸಲು ಬರುವುದಿಲ್ಲವಾದ್ದರಿಂದ ಡೆಬಿಯನ್ ಕೂಡಲೇ ಬಿಟ್ಟ ಪ್ಯಾಕೇಜಿನ ಹೆಸರು ಹೆಚ್ಚುಕಡಿಮೆ ಹೀಗಿತ್ತು: 5.6.1, ಆದರೆ ನಿಜವಾಗಿ 5.4.5.

ಅದೇ ವರ್ಷದ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಚ್ 9.8 ಬಂತು. ಸಿಸ್ಟಂಡಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಅಪ್‌ಸ್ಟ್ರೀಮ್‌ನವರೇ, ಬೇರೆ ಯಾವ ಲೈಬ್ರರಿಯ ಹಂಗೂ ಇಲ್ಲದೆ, ಕೆಲವೇ ಸಾಲುಗಳಲ್ಲಿ ಬರೆದು ಅದರಲ್ಲಿ ಸೇರಿಸಿದ್ದರು. ವರ್ಷಗಟ್ಟಲೆ ಹೊತ್ತುಕೊಂಡು ಬಂದಿದ್ದ ತೇಪೆಯನ್ನು ಡೆಬಿಯನ್ ಕಿತ್ತುಹಾಕಿತು.