ಎಷ್ಟು ಮಾರು ಬಿಟ್ರಿ?

ಗ್ರಾಂಡೆ ದ್ವೀಪದ ಕಡೆಯಿಂದ ಗಾಳ ಎಳೆದುಕೊಂಡು ವಾಸ್ಕೋಗೆ ಮರಳುವ ದೋಣಿಗೆ ದಡದಲ್ಲಿ ಕಾರವಾರ, ಅಂಕೋಲೆ ಕಡೆಯವರು ಹಾಕುವ ಪ್ರಶ್ನೆ ಒಂದಿದೆ: "ಎಷ್ಟು ಮಾರು ಬಿಟ್ರಿ?" ಎರಡೂ ಕೈ ಅಗಲಕ್ಕೆ ಚಾಚಿದರೆ ಒಂದು ಮಾರು, ಸುಮಾರು 1.8 ಮೀಟರ್. ಲಂಗರು ಹಾಕಿ ನಿಂತ ದೋಣಿಯಿಂದ ಸೀಸ ಕಟ್ಟಿ ಇಳಿಬಿಟ್ಟ ಗಾಳಕ್ಕೆ ಈ ಲೆಕ್ಕ ಸರಿಯೇ. ಹತ್ತು ಮಾರು ಬಿಟ್ಟರೆ ಹತ್ತು ಮಾರು ಆಳ. ಓಡುವ ದೋಣಿಯ ಹಿಂದೆ ಎಳೆಯುವ ಗಾಳಕ್ಕೆ ಅದು ಪೂರಾ ತಪ್ಪು. ಮೂವತ್ತು ಮಾರು ದಾರ ಹೊರಗಿದ್ದರೂ ಲೂರ್ ಎಂಬ ನಕಲಿ ಮೀನು ಎರಡೇ ಮಾರಿನಲ್ಲಿ ಓಡುತ್ತಿರಬಹುದು, ಹಿಡಿಯಬೇಕಾದ ಅಂಜಲ್ ಮೀನು ಎಂಟು ಮಾರಿನಲ್ಲಿ ತನ್ನ ಪಾಡಿಗೆ ತಾನು ತಿರುಗುತ್ತಿರಬಹುದು.

ಹೀಗೆ ಎಳೆಯುವುದು ಟ್ರೋಲಿಂಗ್. ಮಾಲಿಂ, ಕುಟ್ಬಣ ಜೆಟ್ಟಿಗಳ ದೊಡ್ಡ ಬೋಟುಗಳು ಬಲೆಯಿಂದ ತಳ ಗೋರುವುದು ಟ್ರಾಲಿಂಗ್. ಬಾಯಲ್ಲಿ ಒಂದೇ ಸ್ವರದ ವ್ಯತ್ಯಾಸವಾದರೂ ಸಮುದ್ರದ ತಳಕ್ಕೆ ಅದು ಬಲು ದೊಡ್ಡ ವ್ಯತ್ಯಾಸ.

ಆಳದ ಲೆಕ್ಕವನ್ನು ತೀರಾ ತಲೆಕೆಡಿಸಿಕೊಂಡು ಬಿಡಿಸಿದವರು ಕಡಲಿನವರಲ್ಲ, ಅಮೆರಿಕದ ಸಿಹಿನೀರಿನ ಮಹಾಸರೋವರಗಳಲ್ಲಿ ಸಾಲ್ಮನ್ ಹಿಡಿಯುವವರು. ಸರೋವರ ಎಂದರೆ ನಮ್ಮ ಕಣ್ಣಿಗೆ ಕೆರೆ ಬರುತ್ತದೆ. ಮಿಷಿಗನ್ ಸರೋವರವೊಂದರಲ್ಲೇ ಗೋವಾದಂಥ ರಾಜ್ಯಗಳು ಹದಿನೈದು ಹಿಡಿಸುತ್ತವೆ. ಆಳ 281 ಮೀಟರ್ ವರೆಗೆ. ಅಲ್ಲಿಯ ಸಾಲ್ಮನ್ ಅಲ್ಲಿಯದೇ ಅಲ್ಲ, ಪೆಸಿಫಿಕ್ ಕರಾವಳಿಯದು. ರಕ್ತ ಹೀರುವ ಲ್ಯಾಂಪ್ರೆ ಎಂಬ ಮೀನು ಹೊಕ್ಕು ದೊಡ್ಡ ಟ್ರೌಟ್ ಮೀನುಗಳನ್ನು ಮುಗಿಸಿತು. ತಿನ್ನುವವರಿಲ್ಲದೆ ಏಲ್‌ವೈಫ್ ಎಂಬ ಪುಟ್ಟ ಮೀನು, ನಮ್ಮ ತಾರ್ಲೆಯ ದೂರದ ನೆಂಟ, ಮಿತಿಮೀರಿ ಬೆಳೆದು 1967ರಲ್ಲಿ ದಂಡೆಯುದ್ದಕ್ಕೂ ಸತ್ತು ರಾಶಿಬಿತ್ತು. ಹೆಚ್ಚುತ್ತಿದ್ದ ಇವುಗಳನ್ನು ತಿನ್ನಲಿ ಎಂದು ಮಿಷಿಗನ್ ರಾಜ್ಯದವರು ಅದರ ಹಿಂದಿನ ವರ್ಷವೇ, 1966ರಲ್ಲಿ, ಕೋಹೋ ಎಂಬ ಸಾಲ್ಮನ್‌ನ ಮರಿಗಳನ್ನೂ ಮರುವರ್ಷ ಚಿನೂಕ್ ಎಂಬ ಇನ್ನೊಂದು ಸಾಲ್ಮನ್‌ನ ಮರಿಗಳನ್ನೂ ಬಿಟ್ಟರು. (ಮುಂಬೈ ಹೋಟೆಲುಗಳ 'ಇಂಡಿಯನ್ ಸಾಲ್ಮನ್' ಬೇರೆಯೇ ಮೀನು. ಅದು ರಾವಸ್. ಹೆಸರಷ್ಟೇ ಎರವಲು.)

ಚಿನೂಕ್‌ಗೆ ಹಿತವಾದ ನೀರು ಸುಮಾರು 10ರಿಂದ 13 ಡಿಗ್ರಿ. ಬೇಸಿಗೆಯಲ್ಲಿ ಸರೋವರದ ಮೇಲ್ಪದರ 20 ಡಿಗ್ರಿ ದಾಟುತ್ತದೆ, ಬುಡದಲ್ಲಿ ಕೊರೆಯುವ ಚಳಿ. ಇವೆರಡರ ನಡುವೆ ಕೆಲವೇ ಮೀಟರ್‌ಗಳಲ್ಲಿ ತಾಪ ದಡಕ್ಕನೆ ಇಳಿಯುವ ಪಟ್ಟಿಯೊಂದಿದೆ, ಥರ್ಮೋಕ್ಲೈನ್. ಮೀನು ಇದರ ಆಸುಪಾಸಿನಲ್ಲೇ ಸುಳಿಯುತ್ತದೆ. ಎರಡು ದಿನ ಒಂದೇ ದಿಕ್ಕಿನ ಗಾಳಿ ಬೀಸಿದರೆ ಸಾಕು, ಈ ಪಟ್ಟಿ ದಡದ ಬಳಿ ಎಷ್ಟೋ ಮೀಟರ್ ಮೇಲೆ ಕೆಳಗೆ ಆಗುತ್ತದೆ. ನಿನ್ನೆ 15 ಮೀಟರ್‌ನಲ್ಲಿ ಸಿಕ್ಕ ಮೀನು ಇಂದು 30ರಲ್ಲಿ. ಅಂದಾಜಿನ ಮಾರು ಅಲ್ಲಿ ಕೆಲಸಕ್ಕೆ ಬಾರದು.

ನಮ್ಮ ಕರಾವಳಿಯಲ್ಲೂ ಇಂಥ ಮಹಡಿಗಳಿವೆ, ಕಾರಣ ಮಾತ್ರ ಬೇರೆ. ಮಳೆಗಾಲದಲ್ಲಿ ಆಳದ ತಣ್ಣೀರು ದಡದತ್ತ ಮೇಲೇರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ. ಮೇಲೆ ಮಳೆಯ, ನದಿಯ ಹಗುರ ಸಿಹಿನೀರು ಮುಚ್ಚಳದಂತೆ ಕೂರುವುದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯುವುದಿಲ್ಲ. ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕಾಂದೋಳಿಯ ಎದುರಿನ ಕಡಲಲ್ಲಿ ಇದನ್ನು ವರ್ಷಾನುಗಟ್ಟಲೆ ಅಳೆದಿದ್ದಾರೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಾಳ ಹಾಕುವವರಿಗೆ ಇದರ ಅರ್ಥ ಸರಳ: ತಳಕ್ಕಂಟಿ ಎಳೆದರೆ ಉಸಿರಿಲ್ಲದ ನೀರಿನಲ್ಲಿ ಎಳೆದಂತೆ. ನೀರಿನಡಿಯ ಮೀನು, ಆಳ ತೋರಿಸುವ ಫಿಶ್ ಫೈಂಡರ್‌ನಲ್ಲಿ ಸಣ್ಣ ಮೀನಿನ ಮೋಡ ತಳ ಮುಟ್ಟದೆ ಒಂದೇ ಮಟ್ಟದಲ್ಲಿ ತೇಲುತ್ತಿದ್ದರೆ ಅದೇ ಆ ದಿನದ ನೆಲ. ಬೇಟೆಯಾಡುವ ಮೀನು ಕೆಳಗಿನಿಂದ ಮೇಲಕ್ಕೆ, ಬೆಳಕಿಗೆ ಎದುರಾಗಿ ಕಪ್ಪಾಗಿ ಕಾಣುವುದಕ್ಕೆ ನುಗ್ಗುತ್ತದೆ. ಹಾಗಾಗಿ ಲೂರ್ ಆ ಮೋಡಕ್ಕಿಂತ ತುಸು ಮೇಲಿದ್ದರೆ ನಡೆದೀತು, ಕೆಳಗಿದ್ದರೆ ವ್ಯರ್ಥ.

ಹೇಳಿದ ಆಳಕ್ಕೆ ಗಾಳ ಒಯ್ಯುವ ದಾರಿ ಎರಡು. ಒಂದು, ತೂಕ ಕಟ್ಟಿ ಇಳಿಸುವುದು. ಇನ್ನೊಂದು, ಓಡುವ ನೀರೇ ಕೆಳಕ್ಕೆ ಒತ್ತುವ ಹಾಗೆ ಓರೆ ಹಲಗೆ ಕೊಡುವುದು. ಇವೆರಡೂ ವೇಗಕ್ಕೆ ಸ್ಪಂದಿಸುವ ರೀತಿ ಬೇರೆ ಬೇರೆ. ಗೋವಾದ ದೋಣಿಗಳಲ್ಲಿ ಎಡವುವುದು ಬಹುಪಾಲು ಇಲ್ಲೇ.

ತೂಕದ ದಾರಿಯ ರಾಜ ಡೌನ್‌ರಿಗ್ಗರ್. ದೋಣಿಯ ಅಂಚಿಗೆ ಬಿಗಿದ ರಾಟೆ, ಚಾಚಿದ ತೋಳು, ಉಕ್ಕಿನ ತಂತಿ, ತುದಿಯಲ್ಲಿ ನಾಲ್ಕೈದು ಕಿಲೋ ತೂಗುವ ಸೀಸದ ಗುಂಡು, ತಂತಿ ಎಷ್ಟು ಇಳಿಯಿತೆಂದು ತೋರಿಸುವ ಎಣಿಕೆ. ರಾಡಿನ ದಾರ ಗುಂಡಿಗೆ ಕಟ್ಟಿರುವುದಿಲ್ಲ, ಕ್ಲಿಪ್ಪಿನಲ್ಲಿ ಸಿಕ್ಕಿರುತ್ತದೆ. ಮೊದಲು ಲೂರನ್ನು ನಾಲ್ಕೈದು ಮೀಟರ್‌ನಿಂದ ಮೂವತ್ತು ಮೀಟರ್ ವರೆಗೆ ಹಿಂದೆ ಬಿಡಬೇಕು, ಆಮೇಲೆ ದಾರವನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡು ಇಳಿಸಬೇಕು, ಕೊನೆಗೆ ಸಡಿಲ ದಾರ ಸುತ್ತಿ ರಾಡು ಬಿಲ್ಲಿನಂತೆ ಬಾಗುವಷ್ಟು ಬಿಗಿ ಮಾಡಬೇಕು. ಮೀನು ಎಳೆದರೆ ಕ್ಲಿಪ್ ಬಿಡುತ್ತದೆ, ಬಾಗಿದ ರಾಡು ಚಟ್ಟನೆ ನೆಟ್ಟಗಾಗಿ ಸಡಿಲವನ್ನು ತಾನೇ ಎಳೆದುಕೊಳ್ಳುತ್ತದೆ. ಕ್ಲಿಪ್ ಅತಿ ಬಿಗಿಯಾದರೆ ಸಣ್ಣ ಮೀನು ಸಿಕ್ಕಿಕೊಂಡೇ ಅರ್ಧ ಗಂಟೆ ಸವಾರಿ ಮಾಡುತ್ತದೆ, ಮೇಲಿದ್ದವರಿಗೆ ಸುಳಿವೇ ಇರುವುದಿಲ್ಲ. ಸಡಿಲವಾದರೆ ಅಲೆಗೇ ಬಿಟ್ಟುಕೊಳ್ಳುತ್ತದೆ.

ಗುಂಡಿನ ತೂಕ ಬದಲಾಗದು, ನೀರಿನ ಎಳೆತ ಮಾತ್ರ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 3 ಕಿಲೋಮೀಟರ್‌ನಿಂದ 4ಕ್ಕೆ ಹೋದರೆ ವೇಗ ಮೂರನೇ ಒಂದರಷ್ಟು ಹೆಚ್ಚಿತು, ಎಳೆತ ಸುಮಾರು 1.8 ಪಟ್ಟಾಯಿತು. ತಂತಿ ಹಿಂದಕ್ಕೆ ವಾಲುತ್ತದೆ. 30 ಮೀಟರ್ ತಂತಿ ನೆಟ್ಟಗಿನಿಂದ 30 ಡಿಗ್ರಿ ವಾಲಿದರೆ ಗುಂಡು ಇರುವುದು 26 ಮೀಟರ್‌ನಲ್ಲಿ, 45 ಡಿಗ್ರಿಗೆ 21ರಲ್ಲಿ. ಎಣಿಕೆ ಮಾತ್ರ 30 ಎಂದೇ ತೋರಿಸುತ್ತದೆ.

ನೂಲಿನ ಒಳಗೆ ಸೀಸದ ಎಳೆ ಇರುವ ಲೆಡ್‌ಕೋರ್ ದಾರವೂ ತೂಕದ ಜಾತಿಯೇ. ಅದು ಪ್ರತಿ 10 ಗಜಕ್ಕೆ ಬಣ್ಣ ಬದಲಿಸುತ್ತದೆ. ಸಾಲ್ಮನ್‌ಗೆ ಗಾಳ ಎಳೆಯುವ ನಡಿಗೆಯ ವೇಗದಲ್ಲಿ ಒಂದು ಬಣ್ಣ ಸುಮಾರು ಒಂದೂವರೆ ಮೀಟರ್ ಇಳಿಯುತ್ತದೆ. ಹತ್ತು ಬಣ್ಣ, ಅಂದರೆ 91 ಮೀಟರ್ ಬಿಟ್ಟರೆ ಸಿಗುವ ಆಳ ಹದಿನೈದು ಮೀಟರ್! ವೇಗ ಏರಿಸಿದರೆ ಅದೂ ಇಲ್ಲ.

ಎರಡನೆಯ ದಾರಿ ಹಲಗೆಯದು. ಡಿಪ್ಸಿ ಡೈವರ್‌ನಂಥ ಬಿಲ್ಲೆ ಓರೆಯಾಗಿ ಕುಳಿತು ನೀರಿನೊಳಕ್ಕೆ ಧುಮುಕುತ್ತದೆ. ಅದರ ಅಡಿಯ ತಿರುಪು 0ಯಲ್ಲಿದ್ದರೆ ನೇರ ಕೆಳಕ್ಕೆ, 3ರಲ್ಲಿದ್ದರೆ ಪಕ್ಕಕ್ಕೆ ಹೆಚ್ಚು, ಆಳಕ್ಕೆ ಕಡಿಮೆ. ಬಿಲ್ಲೆಯಿಂದ ಲೂರಿನ ವರೆಗಿನ ದಾರ ರಾಡಿಗಿಂತ ಉದ್ದವಿರಬಾರದು. ಉದ್ದವಾದರೆ, ಬಿಲ್ಲೆ ರಾಡಿನ ತುದಿಯ ಉಂಗುರ ದಾಟದ ಕಾರಣ ಮೀನು ಬಲೆಗೋಲಿಗೆ ಎಟುಕದೆ ಹಿಂದೆಯೇ ಉಳಿದುಬಿಡುತ್ತದೆ. ಗೋವಾದಲ್ಲಿ ಎಲ್ಲರ ಪೆಟ್ಟಿಗೆಯಲ್ಲೂ ಇರುವ, ಮೂತಿಗೆ ಪಾರದರ್ಶಕ ನಾಲಿಗೆ ಇರುವ ಮುಳುಗು ಲೂರ್ ಕೂಡ ಇದೇ ಕುಟುಂಬದ್ದು. ಇಲ್ಲಿ ಕೆಳಕ್ಕೆ ಒತ್ತುವ ಬಲವೂ ವೇಗದ ವರ್ಗದಂತೆ ಏರುತ್ತದೆ, ದಾರದ ಎಳೆತವೂ ಹಾಗೆಯೇ. ಎರಡೂ ಒಟ್ಟಿಗೆ ಏರುವುದರಿಂದ 4 ನಾಟ್‌ಗೂ 6 ನಾಟ್‌ಗೂ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಆಳ ಹೆಚ್ಚುಕಡಿಮೆ ಒಂದೇ. ಲೂರ್ ಮೇಲೆ ಓಡುತ್ತಿದೆ ಎಂದು ಇಂಜಿನ್ ನಿಧಾನ ಮಾಡುವುದು ಸೀಸಕ್ಕೆ ಮದ್ದು, ನಾಲಿಗೆಯ ಲೂರಿಗೆ ಅಲ್ಲ.

ಅದಕ್ಕೆ ಮದ್ದು ತೆಳು ದಾರ. ನೀರಿನ ಎಳೆತ ದಾರದ ದಪ್ಪಕ್ಕೆ ತಕ್ಕಷ್ಟು. 50 ಪೌಂಡ್ ತಂಗೂಸಿಯ, ಅಂದರೆ ಒಂಟಿ ಎಳೆ ನೈಲಾನ್ ದಾರದ, ದಪ್ಪ ಸುಮಾರು 0.7 ಮಿಲಿಮೀಟರ್, ಅದೇ ಬಲದ ಹೆಣೆದ ದಾರ ಅದರ ಅರ್ಧ. ಬರೀ ದಾರ ಬದಲಿಸಿದರೇ ಲೂರ್ ಇನ್ನಷ್ಟು ಇಳಿಯುತ್ತದೆ. ಹಾಗೆಂದು ದಾರ ಬಿಡುತ್ತಲೇ ಹೋಗುವಂತಿಲ್ಲ. ಒಂದು ಹಂತ ದಾಟಿದರೆ ದಾರದ ಎಳೆತವೇ ಲೂರನ್ನು ತಡೆದು ನಿಲ್ಲಿಸುತ್ತದೆ. ಡಬ್ಬಿಯ ಮೇಲಿನ ಆಳವನ್ನು ನಂಬುವ ಬದಲು, ಬಂಡೆ ಇಲ್ಲದ ಮರಳು ತಳದ ಮೇಲೆ, ಆಳ ನಿಧಾನಕ್ಕೆ ಕಡಿಮೆಯಾಗುವ ಕಡೆ ಎಳೆದು ನೋಡಿ. ರಾಡಿನ ತುದಿ ಟಕ್ ಟಕ್ ಎಂದು ತಳ ಮುಟ್ಟಿದ ಕ್ಷಣ ಫೈಂಡರ್ ಎಷ್ಟು ತೋರಿಸುತ್ತದೋ ಅದೇ ನಿಜವಾದ ಆಳ. ಆಗ ಹೊರಗಿದ್ದ ದಾರಕ್ಕೆ ಬಣ್ಣದ ಗುರುತು ಹಾಕಿಡಿ.

ಸಾಲ್ಮನ್‌ಗೆ ವೇಗ ಗಂಟೆಗೆ 3ರಿಂದ 5 ಕಿಲೋಮೀಟರ್, ನಡಿಗೆಯ ವೇಗ. ಆ ವೇಗದಲ್ಲಿ ತೆಳು ಲೋಹದ ಸ್ಪೂನ್ ಹೊರಳಾಡುತ್ತದೆ. ಗಿರಗಿರ ತಿರುಗುವ ಫ್ಲಾಷರ್ ಎಂಬ ಹೊಳೆಯುವ ಹಲಗೆ ತನ್ನ ಹಿಂದಿನ ಫ್ಲೈ ಎಂಬ ಕುಚ್ಚನ್ನು ಅತ್ತಿತ್ತ ಎಸೆಯುತ್ತದೆ. ಇವೆರಡರ ನಡುವೆ 45ರಿಂದ 75 ಸೆಂಟಿಮೀಟರ್ ದಾರ. ಚಿಕ್ಕದಾದಷ್ಟೂ ಕುಣಿತ ಜೋರು. ಅಂಜಲ್‌ಗೆ ಆ ನಡಿಗೆ ಸಾಲದು, ಲೂರ್ ಎಳೆಯುವುದು 4ರಿಂದ 7 ನಾಟ್‌ನಲ್ಲಿ. ಡೌನ್‌ರಿಗ್ಗರ್ ಗುಂಡು ಆ ವೇಗದಲ್ಲಿ ಗಾಳಿಪಟದ ಬಾಲಂಗೋಚಿಯಂತೆ ಹಿಂದೆ ತೇಲುತ್ತದೆ. ಆದರೆ ಜೀವಂತ ಬಂಗುಡೆಯನ್ನು ಒಂದೆರಡು ನಾಟ್‌ನಲ್ಲಿ ಎಳೆಯುವಾಗ ಸರೋವರದವರ ಅದೇ ಗುಂಡು ನಮ್ಮ ಕಡಲಿಗೂ ಚೆನ್ನಾಗಿ ಒಗ್ಗುತ್ತದೆ.

ಬಂಗುಡೆ ಈಜುತ್ತಲೇ ಉಸಿರಾಡುವ ಮೀನು, ಅದಕ್ಕೆ ಮೂಲೆಗಳಿಲ್ಲದ ದುಂಡು ತೊಟ್ಟಿ, ನಿಲ್ಲದೆ ಹರಿಯುವ ನೀರು ಬೇಕು. ಒಂದೇ ಕೊಕ್ಕೆ ಹಾಕಿದರೆ ಬಂಗುಡೆಯ ತಲೆ ಮಾತ್ರ ವಾಪಸ್ ಬರುತ್ತದೆ. ಅಂಜಲ್ ಮೊದಲು ಬಾಲ ಕತ್ತರಿಸಿ ಆಮೇಲೆ ತಿನ್ನುವುದು. ಮೂಗಿಗೊಂದು ಕೊಕ್ಕೆ, ಅಲ್ಲಿಂದ ತಂತಿ ಹೊರಡಿಸಿ ಬಾಲದ ಕಡೆ ಬೆನ್ನಿಗೊಂದು. ಆ ತಂತಿ ತುಸು ಸಡಿಲವಿರಲಿ, ಬಿಗಿದರೆ ಬಂಗುಡೆ ಬಾಗಿ ಗಿರಕಿ ಹೊಡೆಯುತ್ತದೆ.

ಸಾಲ್ಮನ್‌ಗೆ 20-30 ಪೌಂಡ್ ಫ್ಲೋರೋಕಾರ್ಬನ್ ದಾರ ಸಾಕು. ಅಂಜಲ್‌ನ ಹಲ್ಲಿಗೆ ಅದು ಶಾವಿಗೆ. 0.4 ಮಿಲಿಮೀಟರ್‌ನ ಒಂಟಿ ಎಳೆ ಸ್ಟೀಲ್ ತಂತಿ, ಲೂರಿನ ಮುಂದೆ ಒಂದು ಗೇಣು ಇದ್ದರೆ ಸಾಕು. ಉದ್ದವಾದರೆ ಲೂರಿನ ಕುಲುಕು ಸತ್ತುಹೋಗುತ್ತದೆ. ತಂತಿಗೆ ಗಂಟು ನಿಲ್ಲದು, ಹೊಸೆಯಬೇಕು. ಉಂಗುರದೊಳಗೆ ತೂರಿಸಿ ಎರಡೂ ಎಳೆಗಳನ್ನು ಗುಣಾಕಾರ ಚಿಹ್ನೆಯಂತೆ ಅಗಲಕ್ಕೆ ಹಿಡಿದು ಐದಾರು ಸುತ್ತು ಹೊಸೆಯಿರಿ. ಎರಡೂ ಎಳೆ ಸಮನಾಗಿ ಒಂದನ್ನೊಂದು ಸುತ್ತಬೇಕು. ಒಂದು ನೆಟ್ಟಗಿದ್ದು ಇನ್ನೊಂದು ಮಾತ್ರ ಸುತ್ತಿದ್ದರೆ ಮೀನು ಎಳೆದಾಗ ಜಾರುತ್ತದೆ. ಆಮೇಲೆ ತುದಿಯನ್ನು ಅಡ್ಡಕ್ಕೆ ಬಗ್ಗಿಸಿ ಸ್ಪ್ರಿಂಗಿನಂತೆ ಒತ್ತೊತ್ತಾಗಿ ಐದಾರು ಸುತ್ತು. ಉಳಿದ ತುದಿಯನ್ನು ಇಕ್ಕಳದಿಂದ ಕತ್ತರಿಸಬೇಡಿ, ಅದು ಬ್ಲೇಡಿನಂತೆ ಬೆರಳು ಸೀಳುತ್ತದೆ. ಕೈಹಿಡಿಯ ಆಕಾರಕ್ಕೆ ಮಡಿಸಿ ಹಿಂದೆ ಮುಂದೆ ಆಡಿಸಿದರೆ ಬುಡದಲ್ಲೇ ನಯವಾಗಿ ಮುರಿಯುತ್ತದೆ.

ವೇಗದ ವಿಷಯದಲ್ಲಿ ಜಿಪಿಎಸ್ ನಂಬಿ ಕೆಟ್ಟವರು ಬಹಳ. ಅದು ಅಳೆಯುವುದು ನೆಲದ ಮೇಲಿನ ವೇಗ, ಲೂರಿಗೆ ಗೊತ್ತಾಗುವುದು ನೀರಿನ ಮೇಲಿನದು. ಜುವಾರಿ ನದಿಯ ಬಾಯಿಯಲ್ಲಿ ಇಳಿತದ ಸೆಳೆತ 1.5 ನಾಟ್ ಇದೆ ಎನ್ನಿ. ಜಿಪಿಎಸ್ ಪರದೆಯ ಮೇಲೆ 5 ನಾಟ್ ಇಟ್ಟುಕೊಂಡು ಸೆಳೆತಕ್ಕೆ ಎದುರು ಹೋದರೆ ಲೂರಿಗೆ 6.5, ಜೊತೆಗೆ ಹೋದರೆ 3.5. ಹೋಗುವಾಗ ಕಚ್ಚಿದ್ದು ಬರುವಾಗ ಕಚ್ಚದಿದ್ದರೆ ಮೀನಿನ ತಪ್ಪಲ್ಲ. ಸರೋವರದಲ್ಲೂ ಮೇಲೊಂದು ಕೆಳಗೊಂದು ಪ್ರವಾಹ ಇರುವುದರಿಂದಲೇ ಅಲ್ಲಿಯವರು ಗುಂಡಿನ ಪಕ್ಕದಲ್ಲೇ ವೇಗ ಮತ್ತು ತಾಪ ಅಳೆಯುವ ಉಪಕರಣ ಇಳಿಸುತ್ತಾರೆ. ಅದಿಲ್ಲದವರಿಗೆ ಪುಕ್ಕಟೆ ಉಪಾಯ ತಿರುವು. ದೋಣಿ ಅಗಲವಾಗಿ ತಿರುಗುವಾಗ ಹೊರಗಿನ ಲೂರ್ ವೇಗ ಪಡೆಯುತ್ತದೆ, ಒಳಗಿನದು ನಿಧಾನವಾಗುತ್ತದೆ. ಹೊರಗಿನದಕ್ಕೇ ಮತ್ತೆ ಮತ್ತೆ ಕಚ್ಚಿದರೆ ಅರ್ಧ ನಾಟ್ ಏರಿಸಿ, ಒಳಗಿನದಕ್ಕೆ ಕಚ್ಚಿದರೆ ಇಳಿಸಿ. ಕಿರಿದಾಗಿ ತಿರುಗಿದರೆ ಎಲ್ಲ ದಾರವೂ ಒಂದಕ್ಕೊಂದು ಸುತ್ತಿಕೊಂಡು ಬಿಡಿಸುವುದರಲ್ಲೇ ಬೆಳಗು ಕಳೆಯುತ್ತದೆ.

ರಾಡಿನ ತುದಿಯ ನಡುಕವನ್ನು ಬಿಡದೆ ಗಮನಿಸಿ. ಅದು ನಿಂತರೆ ಲೂರಿಗೆ ಪ್ಲಾಸ್ಟಿಕ್ ಚೀಲವೋ ಪಾಚಿಯೋ ಸಿಕ್ಕಿದೆ. ಮಳೆ ಮುಗಿದ ಮೊದಲ ವಾರಗಳಲ್ಲಿ ನದಿ ತಂದ ಕಸದ ಕಾಲದಲ್ಲಂತೂ ಹದಿನೈದು ನಿಮಿಷಕ್ಕೊಮ್ಮೆ ಸುತ್ತಿ ನೋಡುವುದೇ ಲೇಸು. ಲೂರ್ ಎಡಕ್ಕೆ ವಾಲಿ ಓಡುತ್ತಿದ್ದರೆ ಹಿಂದಿನಿಂದ ನೋಡುತ್ತ ಮೂತಿಯ ಉಂಗುರವನ್ನು ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿ, ದೋಣಿಯ ಪಕ್ಕದಲ್ಲೇ ಓಡಿಸಿ ನೋಡಿ, ಆಮೇಲೆ ಬಿಡಿ.

ಇನ್ನು ರೀಲಿನ ಬ್ರೇಕ್. ದಾರದ ಬಲದ ಕಾಲು ಭಾಗಕ್ಕೆ ಇಡುವುದು ವಾಡಿಕೆ: 16 ಕಿಲೋ ದಾರಕ್ಕೆ 4 ಕಿಲೋ, ಕೈಯಂದಾಜಲ್ಲ, ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು. ಅಂಜಲ್ ಮೊದಲ ಓಟದಲ್ಲೇ ನೂರು ಮೀಟರ್ ಎಳೆದೊಯ್ದರೆ ಸ್ಪೂಲಿನ ಸುತ್ತು ಸಣ್ಣದಾಗುತ್ತದೆ. ಬ್ರೇಕಿನ ತಿರುಚುಬಲ ಅಷ್ಟೇ ಇದ್ದು ತ್ರಿಜ್ಯ ಅರ್ಧವಾದರೆ ದಾರದ ಮೇಲಿನ ಎಳೆತ ಎರಡು ಪಟ್ಟು. ಮುಟ್ಟದೆಯೇ 4 ಕಿಲೋ 8 ಆಯಿತು, ನೀರಿನಲ್ಲಿ ಬಿಲ್ಲಾಗಿ ಬಾಗಿದ ದಾರದ ಎಳೆತ ಅದರ ಮೇಲೆ. ಮೀನು ಓಡುತ್ತಿದೆ ಎಂದು ಗಾಬರಿಯಿಂದ ಬ್ರೇಕ್ ಬಿಗಿ ಮಾಡುವ ಹೊತ್ತೂ ಸರಿಯಾಗಿ ಅದೇ. ಸ್ಪೂಲಿನ ದಾರ ಅರ್ಧಕ್ಕೆ ಇಳಿಯಿತೆಂದರೆ ಬ್ರೇಕ್ ಸಡಿಲಿಸಿ, ದೋಣಿಯನ್ನು ಮೀನಿನತ್ತ ತಿರುಗಿಸಿ.