ಪಾಲು ಎಷ್ಟು, ಸರದಿ ಯಾವಾಗ?

ಕಂಪ್ಯೂಟರಿನಲ್ಲಿ ಒಂದು ದೊಡ್ಡ ವಿಡಿಯೊ ಕನ್ವರ್ಟ್ ಆಗುತ್ತಿದೆ. ಅದರ ಜೊತೆಗೇ ನೀವು ಪತ್ರ ಟೈಪ್ ಮಾಡುತ್ತಿದ್ದೀರಿ. ಎರಡೂ ಕೆಲಸ ಪ್ರೊಸೆಸರಿನ ಒಂದೇ ಕೋರ್ ಮೇಲೆ, ಅಂದರೆ ಲೆಕ್ಕ ಮಾಡುವ ಒಂದೇ ಘಟಕದ ಮೇಲೆ, ಬಿದ್ದಿವೆ ಎಂದುಕೊಳ್ಳಿ. ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್‌ನ ಶೆಡ್ಯೂಲರ್. ಅರ್ಧರ್ಧ ಹಂಚಿಬಿಟ್ಟರೆ ನ್ಯಾಯ ಆಯ್ತು ಅಲ್ವಾ?

ಅಷ್ಟು ಸಾಲದು. ಟೈಪಿಂಗ್‌ಗೆ ಅರ್ಧ ಪಾಲು ಬೇಕಾಗಿಯೇ ಇಲ್ಲ. ಕೀಲಿ ಒತ್ತಿದಾಗ ಚೂರು ಸಮಯ ಸಿಕ್ಕರೆ ಸಾಕು, ಆದರೆ ಅದು ಆಗಲೇ ಸಿಗಬೇಕು. ಕಿರಾಣಿ ಅಂಗಡಿಯಲ್ಲಿ ತಿಂಗಳ ಸಾಮಾನಿನ ಚೀಟಿ ಹಿಡಿದವರ ಹಿಂದೆ, ಬರೀ ಬೆಂಕಿಪೊಟ್ಟಣಕ್ಕೆ ಬಂದವರು ನಿಂತ ಹಾಗೆ ಇದು.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ, 2003ರ ಕೊನೆಗೆ ಬಂದ 2.6 ಆವೃತ್ತಿಯ ಶೆಡ್ಯೂಲರ್ ಇದನ್ನು ಊಹೆಯಿಂದ ನಿಭಾಯಿಸುತ್ತಿತ್ತು. ಜಾಸ್ತಿ ಹೊತ್ತು ಮಲಗಿರುವ, ಅಂದರೆ ಕೆಲಸವಿಲ್ಲದೆ ಸುಮ್ಮನಿರುವ ಪ್ರೋಗ್ರಾಂ ಬಳಕೆದಾರರಿಗಾಗಿ ಕಾಯುತ್ತಿರಬೇಕು, ಅದಕ್ಕೆ ಮೊದಲ ಮಣೆ ಎಂಬ ಲೆಕ್ಕ. ಊಹೆ ತಪ್ಪಿದಾಗ ಡೆಸ್ಕ್‌ಟಾಪ್ ತಡವರಿಸುತ್ತಿತ್ತು. ಊಹೆಯೇ ಬೇಡ, ನ್ಯಾಯವಾಗಿ ಹಂಚಿದರೆ ಸಾಕು ಎಂದು 2007ರಲ್ಲಿ ಕೋಡ್ ಬರೆದು ತೋರಿಸಿದವರು ಕಾನ್ ಕೊಲಿವಾಸ್. ಆಸ್ಟ್ರೇಲಿಯಾದವರು, ವೃತ್ತಿಯಿಂದ ಅರಿವಳಿಕೆ ತಜ್ಞರು. ಅವರ ಕೋಡ್ ಲಿನಕ್ಸ್‌ಗೆ ಸೇರಲಿಲ್ಲ. ಆದರೆ ಆ ವಿಚಾರದಿಂದ ಪ್ರೇರಣೆ ಪಡೆದು ಲಿನಕ್ಸ್ ಡೆವಲಪರ್ ಇಂಗೊ ಮೋಲ್ನಾರ್ ಬರೆದ ಸಿಎಫ್ಎಸ್ (ಕಂಪ್ಲೀಟ್ಲಿ ಫೇರ್ ಶೆಡ್ಯೂಲರ್, ಪೂರ್ತಿ ನ್ಯಾಯದ ಶೆಡ್ಯೂಲರ್) ಎಂಬ ಶೆಡ್ಯೂಲರ್ ಅದೇ ಅಕ್ಟೋಬರ್‌ನಲ್ಲಿ 2.6.23ರ ಜೊತೆ ಬಂತು.

ಅದರ ಸರಳತೆ ನನಗೆ ಇಂದಿಗೂ ಬಹಳ ಇಷ್ಟ. ಪ್ರತಿ ಪ್ರೋಗ್ರಾಂ ಎಷ್ಟು ಹೊತ್ತು ಓಡಿತು ಎಂಬ ಲೆಕ್ಕ ಇಡು. ಕಡಿಮೆ ಓಡಿದ್ದನ್ನು ಮುಂದೆ ಓಡಿಸು. ಅಷ್ಟೇ. ಮಲಗಿದ್ದ ಪ್ರೋಗ್ರಾಂ ಎದ್ದಾಗ ಅದರ ಲೆಕ್ಕ ಹಿಂದಿರುತ್ತದೆ, ಹಾಗಾಗಿ ಬೇಗ ಸರದಿ ಸಿಗುತ್ತದೆ. ಹಾಗಂತ ಒಂದು ಗಂಟೆ ಮಲಗಿದ್ದು, ಒಂದು ಗಂಟೆಯ ಬಾಕಿ ಕೊಡಿ ಎಂದು ಕೇಳುವಂತಿಲ್ಲ. ಎದ್ದ ಕೂಡಲೇ ಅದರ ಲೆಕ್ಕವನ್ನು ಉಳಿದವರ ಹತ್ತಿರಕ್ಕೆ ತಂದು ನಿಲ್ಲಿಸಲಾಗುತ್ತದೆ.

ಇನ್ನೊಂದು ತೊಡಕಿತ್ತು. ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ 20 ಕಂಪೈಲ್ ಕೆಲಸ (ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿಸುವ ಕೆಲಸ) ಒಟ್ಟಿಗೆ ಓಡುತ್ತಿವೆ, ಪಕ್ಕದಲ್ಲಿ ಒಂದು ಬ್ರೌಸರ್ ಇದೆ. ಎಲ್ಲವೂ ಸಮ ಎಂದರೆ ಬ್ರೌಸರ್‌ಗೆ ದಕ್ಕುವುದು 21ರಲ್ಲಿ ಒಂದು ಪಾಲು. 2011ರ 2.6.38ರಲ್ಲಿ ಬಂದ ಆಟೊಗ್ರೂಪ್ ಎಂಬ ಸೌಲಭ್ಯ ಆ 20ನ್ನೂ ಒಂದೇ ಗುಂಪು ಎಂದು ಎಣಿಸಿತು. ನ್ಯಾಯ ಎಂದಾಗ ಯಾರ ಯಾರ ನಡುವೆ ಎಂದು ಕೇಳಲೇಬೇಕು. ಹೊಸ ಗಣಿತವಿಲ್ಲದೆ, ಎಣಿಸುವ ರೀತಿ ಬದಲಾದದ್ದರಿಂದಲೇ ಡೆಸ್ಕ್‌ಟಾಪ್ ಹಗುರವಾಯಿತು.

ಆದರೂ ಸಿಎಫ್ಎಸ್‌ನಲ್ಲಿ ಒಂದು ಕೊರತೆ ಉಳಿಯಿತು. ಪ್ರೋಗ್ರಾಂನ ಮಹತ್ವ ಹೇಳಲು ಇದ್ದದ್ದು ನೈಸ್ ಎಂಬ ಅಂಕಿ ಒಂದೇ, -20ರಿಂದ 19ರವರೆಗೆ. ಅದು ಪಾಲನ್ನು ಹೆಚ್ಚಿಸುತ್ತದೆ ಇಲ್ಲವೇ ಇಳಿಸುತ್ತದೆ. ಹಾಡು ನುಡಿಸುವ ಪ್ರೋಗ್ರಾಂಗೆ ಬೇಕಾದದ್ದು ಜಾಸ್ತಿ ಪಾಲಲ್ಲ, ಸಮಯಕ್ಕೆ ಸರಿಯಾಗಿ ಸಿಗುವ ಚಿಕ್ಕ ಪಾಲು. ಅದನ್ನು ಹೇಳುವ ದಾರಿಯೇ ಇರಲಿಲ್ಲ.

ಪರಿಹಾರ 1990ರ ದಶಕದಲ್ಲೇ ಇತ್ತು. ಇಯಾನ್ ಸ್ಟೊಯ್ಕಾ ಮತ್ತು ಹುಸೇನ್ ಅಬ್ದೆಲ್-ವಹಾಬ್ ರೂಪಿಸಿದ ಇಇವಿಡಿಎಫ್ (ಅರ್ಲಿಯೆಸ್ಟ್ ಎಲಿಜಿಬಲ್ ವರ್ಚುವಲ್ ಡೆಡ್‌ಲೈನ್ ಫಸ್ಟ್) ಎಂಬ ವಿಧಾನ ಅದು. ಲಿನಕ್ಸ್ ಡೆವಲಪರ್ ಪೀಟರ್ ಜೈಲ್‌ಸ್ಟ್ರಾ ಅದನ್ನು 2023ರಲ್ಲಿ ಲಿನಕ್ಸ್ 6.6ಕ್ಕೆ ತಂದರು. ಮೊದಲು, ತಮ್ಮ ನ್ಯಾಯದ ಪಾಲಿಗಿಂತ ಜಾಸ್ತಿ ತಿಂದ ಪ್ರೋಗ್ರಾಂಗಳನ್ನು ಅದು ಸದ್ಯಕ್ಕೆ ಪಕ್ಕಕ್ಕಿಡುತ್ತದೆ. ಉಳಿದವುಗಳಲ್ಲಿ ಯಾರ ಗಡುವು ಹತ್ತಿರವೋ ಅವರಿಗೆ ಸರದಿ. ಒಂದು ಸರದಿಗೆ ಸಮಯದ ಚಿಕ್ಕ ತುಂಡು ಕೇಳಿದವರ ಗಡುವು ಬೇಗ ಬರುತ್ತದೆ. ಒಟ್ಟು ಪಾಲು ಮಾತ್ರ ಬದಲಾಗುವುದಿಲ್ಲ. 6.12ರಿಂದ ಪ್ರೋಗ್ರಾಂಗಳು ತಮಗೆ ಬೇಕಾದ ತುಂಡಿನ ಅಳತೆಯನ್ನು, 0.1ರಿಂದ 100 ಮಿಲಿಸೆಕೆಂಡಿನೊಳಗೆ, ತಾವೇ ಕೇಳಬಹುದು.

ಹಾಗಾದರೆ ಎಲ್ಲರೂ ಚಿಕ್ಕ ತುಂಡನ್ನೇ ಕೇಳುವುದಿಲ್ಲವೇ? ಕೇಳಿದರೆ ನಷ್ಟ ಕೇಳಿದವರಿಗೇ. ಭಾರಿ ಲೆಕ್ಕ ಮಾಡುವ ಪ್ರೋಗ್ರಾಂ ಹಾಗೆ ಕೇಳಿದರೆ ಅದರ ಪಾಲು ಕಿಂಚಿತ್ತೂ ಏರುವುದಿಲ್ಲ. ಓಟ ಪದೇ ಪದೇ ತುಂಡಾಗುತ್ತದೆ. ಪ್ರೊಸೆಸರಿನ ಕ್ಯಾಶ್‌ನಲ್ಲಿ (ಕೈಗೆಟುಕುವಂತೆ ಇಟ್ಟ ಚಿಕ್ಕ, ವೇಗದ ಮೆಮೊರಿಯಲ್ಲಿ) ತುಂಬಿಕೊಂಡಿದ್ದ ಅದರ ಡೇಟಾವನ್ನು ನಡುವೆ ಬಂದವರು ತಳ್ಳಿಹಾಕುತ್ತಾರೆ. ಮತ್ತೆ ಸರದಿ ಬಂದಾಗ ಆ ಡೇಟಾವನ್ನು ನಿಧಾನದ ಮುಖ್ಯ ಮೆಮೊರಿಯಿಂದ ಪುನಃ ತರಿಸಿಕೊಳ್ಳುವುದರಲ್ಲೇ ಅದರ ಸಮಯ ಹೋಗುತ್ತದೆ.