ಸಿಮ್ ರೇಸಿಂಗ್: ಸ್ಪ್ರಿಂಟ್‌ನಲ್ಲಿ ಮುಂದಿರುವವರು ಎಂಡ್ಯೂರೆನ್ಸ್‌ನಲ್ಲಿ ಹಿಂದೆ ಬೀಳುವುದೇಕೆ?

ಪ್ರಶ್ನೆ: ಸಿಮ್ ರೇಸಿಂಗ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ಆಡುವ ಕಾರ್ ರೇಸ್‌ನಲ್ಲಿ, ಇಪ್ಪತ್ತು ನಿಮಿಷದ ಸ್ಪ್ರಿಂಟ್ ರೇಸ್‌ಗಳಲ್ಲಿ ನಾನು ಸಾಮಾನ್ಯವಾಗಿ ಮೊದಲ ಐವರಲ್ಲಿ ಒಬ್ಬನಾಗಿರುತ್ತೇನೆ. ಆದರೆ ಆರು ಗಂಟೆಯ ಎಂಡ್ಯೂರೆನ್ಸ್ ರೇಸ್‌ನಲ್ಲಿ, ಕಾರು ಮತ್ತು ಟ್ರ್ಯಾಕ್ ಅವೇ ಆಗಿದ್ದರೂ, ನನಗಿಂತ ನಿಧಾನವಾಗಿ ಓಡಿಸುವವರು ಮುಂದೆ ಹೋಗುತ್ತಾರೆ. ಕಾರಣವೇನು? (ಮಂಡ್ಯದ ಓದುಗರೊಬ್ಬರು)

ಉತ್ತರ: ನಿಮ್ಮ ಕಡೆ ಗಾಡಿ ಓಟಕ್ಕೆಂದು ಸಾಕಿದ ಎತ್ತಿನ ಜೋಡಿಯನ್ನು ಕಬ್ಬು ಹೇರಿದ ಗಾಡಿಗೆ ಹೂಡುವುದಿಲ್ಲ. ಸ್ಪ್ರಿಂಟ್ ಮತ್ತು ಎಂಡ್ಯೂರೆನ್ಸ್ ರೇಸ್‌ಗಳು ಚಾಲಕನಿಂದ ಬಯಸುವುದರಲ್ಲಿಯೂ ಅಷ್ಟೇ ಅಂತರವಿದೆ. ಸ್ಪ್ರಿಂಟ್‌ನಲ್ಲಿ ಈ ತಿರುವಿನಲ್ಲಿ ಕಳೆದುಕೊಂಡ ಸ್ಥಾನ ಮತ್ತೆ ಸಿಗುವ ಭರವಸೆ ಕಡಿಮೆ, ಆದ್ದರಿಂದ ಟೈರನ್ನೂ ಇಂಧನವನ್ನೂ ಉಳಿಸಿಕೊಳ್ಳಲು ಕಾರಣವೇ ಇರುವುದಿಲ್ಲ. ಎಂಡ್ಯೂರೆನ್ಸ್‌ನಲ್ಲಿ ಪಿಟ್‌ನಲ್ಲಿ (ಇಂಧನ ತುಂಬಿಸಲು, ಟೈರ್ ಬದಲಿಸಲು ನಿಲ್ಲುವ ಜಾಗದಲ್ಲಿ) ನಿಂತ ಹೊತ್ತೂ ಸೇರಿ ಒಟ್ಟು ಕಾಲವೇ ಫಲಿತಾಂಶವನ್ನು ನಿರ್ಧರಿಸುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನ ಉದ್ದ 7.004 ಕಿ.ಮೀ. ಅಲ್ಲಿ ಜಿಟಿ3 (ಸ್ಪೋರ್ಟ್ಸ್ ಕಾರುಗಳ ಒಂದು ರೇಸಿಂಗ್ ವರ್ಗ) ಕಾರೊಂದು ಸರಾಸರಿ 2 ನಿಮಿಷ 20 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ ಎಂದಿಟ್ಟುಕೊಂಡರೆ, ಇಪ್ಪತ್ತು ನಿಮಿಷದಲ್ಲಿ 9 ಸುತ್ತು, ಆರು ಗಂಟೆಯಲ್ಲಿ ಸುಮಾರು 155 ಸುತ್ತು ಆಗುತ್ತದೆ. ಟ್ಯಾಂಕ್ 100 ಲೀಟರಿನದು, ನಿಮ್ಮ ಕಾರು ಸುತ್ತಿಗೆ 3.3 ಲೀಟರ್ ಕುಡಿಯುತ್ತದೆ ಎನ್ನೋಣ. ಒಟ್ಟು 511.5 ಲೀಟರ್ ಬೇಕು, ಅಂದರೆ ಐದು ಸಲ ಪಿಟ್‌ಗೆ ಬರಲೇಬೇಕು. ಎದುರಾಳಿಯ ಬಳಕೆ 3.2 ಲೀಟರ್ ಆದರೆ ಅವರಿಗೆ 496 ಲೀಟರ್ ಸಾಕು, ನಾಲ್ಕೇ ಸಲ. ಸುತ್ತಿಗೆ ಹತ್ತನೇ ಒಂದು ಲೀಟರ್ ಉಳಿಸಲು ಅವರು ಮಾಡಿದ್ದಿಷ್ಟೇ: ಸ್ಪಾದ ಕೆಮೆಲ್ ಎಂಬ ನೇರದಾರಿಯ ಕೊನೆಯಲ್ಲಿ ಬ್ರೇಕ್ ಒತ್ತುವ ಜಾಗಕ್ಕೆ ತುಸು ಮೊದಲೇ ಆಕ್ಸಿಲರೇಟರ್‌ನಿಂದ ಕಾಲೆತ್ತಿ, ಕಾರನ್ನು ಅದರ ಓಟಕ್ಕೆ ಬಿಟ್ಟರು. ಇದರಿಂದ ಸುತ್ತಿಗೆ 0.1 ಸೆಕೆಂಡ್ ನಷ್ಟವಾದರೂ ಆರು ಗಂಟೆಗೆ 15.5 ಸೆಕೆಂಡ್ ಆಗುತ್ತದೆ, ಒಮ್ಮೆ ಪಿಟ್‌ಗೆ ಹೋಗಿಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಿಮ್ಮ ಕಣ್ಣಿಗೆ ನಿಧಾನವಾಗಿ ಕಂಡವರು ಮುಂದೆ ಹೋದದ್ದು ಬಹುಮಟ್ಟಿಗೆ ಹೀಗೆಯೇ.

ಟೈರಿನ ವಿಷಯವೂ ಇದೇ ಬಗೆಯದು. ತಿರುವಿನಲ್ಲಿ ಕಾರು ಜಾರಿದಷ್ಟೂ ಟೈರಿನ ಮೇಲ್ಮೈ ಕಾಯುತ್ತದೆ, ಕಾದಷ್ಟೂ ಹಿಡಿತ ಕಡಿಮೆಯಾಗಿ ಇನ್ನಷ್ಟು ಜಾರುತ್ತದೆ. ಕಾರಿನ ಹಿಂಭಾಗ ಚುರುಕಾಗಿ ತಿರುಗುವಂತೆ ಮಾಡಿಕೊಂಡ ಸೆಟಪ್ (ಕಾರಿನ ಹೊಂದಾಣಿಕೆ) ಒಂಬತ್ತು ಸುತ್ತಿಗೆ ಹಿತವಾಗಿದ್ದರೂ ಎರಡನೆಯ ಗಂಟೆಯಲ್ಲಿ ಕೈಕೊಡುತ್ತದೆ. ಮೇಲಾಗಿ ಎಂಡ್ಯೂರೆನ್ಸ್‌ನಲ್ಲಿ ತಂಡವಾಗಿ ಓಡಿಸುವಾಗ ಆ ಸೆಟಪ್ ನಿಮ್ಮೊಬ್ಬರದೇ ಆಗಿರುವುದಿಲ್ಲ. 2020ರ ಜೂನ್‌ನಲ್ಲಿ ಆರ್‌ಫ್ಯಾಕ್ಟರ್ 2 ಎಂಬ ಸಿಮ್ ರೇಸಿಂಗ್ ಸಾಫ್ಟ್‌ವೇರ್ ಬಳಸಿ ನಡೆದ ವರ್ಚುವಲ್ ಲೆ ಮಾನ್ಸ್ 24 ಗಂಟೆಯ ರೇಸ್‌ನಲ್ಲಿ ಒಂದೊಂದು ಕಾರನ್ನು ನಾಲ್ವರು ಸರದಿಯಂತೆ ಓಡಿಸಿದರು. ತಂಡದಲ್ಲಿ ಕಡಿಮೆ ಅನುಭವವಿರುವ ಚಾಲಕನಿಗೂ ನಂಬಿಕೆ ಹುಟ್ಟಿಸುವ, ಸ್ವಲ್ಪ ಮಂದವೇ ಆದ ಕಾರನ್ನು ಆರಿಸುವುದು ಸರಿ ಎಂದು ನಾನು ದೃಢವಾಗಿ ನಂಬುತ್ತೇನೆ.

ನಮ್ಮ ಊರುಗಳಲ್ಲಿ ಆಡುವವರು ಇನ್ನೊಂದನ್ನೂ ಗಮನಿಸಬೇಕು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಯಲ್ಲಿ ಒಮ್ಮೆ ರೇಸ್‌ನ ನಾಲ್ಕನೇ ಗಂಟೆಯಲ್ಲಿ ಕರೆಂಟ್ ಹೋಯಿತು. ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಲೇ ಇತ್ತು, ಆದರೆ ಕೆಳಗೆ ಹಾಲ್‌ನಲ್ಲಿದ್ದ ರೂಟರ್ ಆರಿಹೋಯಿತು. ಎದುರಿಗಿದ್ದ ಕಾರುಗಳೆಲ್ಲ ಮಾಯವಾಗಿ, ಖಾಲಿ ಟ್ರ್ಯಾಕ್‌ನಲ್ಲಿ ಕೆಲವು ಕ್ಷಣ ನಾನೊಬ್ಬನೇ ಓಡುತ್ತಿದ್ದೆ, ಬಳಿಕ ಸಂಪರ್ಕ ಕಡಿಯಿತು. ಮೂವರು ಗೆಳೆಯರ ಅಷ್ಟು ಹೊತ್ತಿನ ದುಡಿಮೆ ಹಾಗೆ ಹೋದದ್ದು ಇಂದಿಗೂ ನೋವಿನ ಸಂಗತಿ. ರೂಟರಿಗೂ ಬ್ಯಾಕಪ್ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ನೇರವಾಗಿ ಆರು ಗಂಟೆಯ ರೇಸ್‌ಗೆ ಇಳಿಯಬೇಡಿ. ಟ್ಯಾಂಕ್ ತುಂಬಿಸಿ, ಬಳಕೆ ಸುತ್ತಿಗೆ 3.2 ಲೀಟರ್ ಮೀರದಂತೆ ಒಬ್ಬರೇ ಸ್ಪಾದಲ್ಲಿ 31 ಸುತ್ತು ಓಡಿಸಿ, ಸುಮಾರು ಒಂದೂಕಾಲು ಗಂಟೆ ಆಗುತ್ತದೆ. ನೂರು ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ 75 ಕೆ.ಜಿ. ತೂಗುವುದರಿಂದ, ಅದು ಖಾಲಿಯಾಗುತ್ತಾ ಬಂದಂತೆ ಕಾರು ಹಗುರವಾಗಿ ಸುತ್ತಿನ ಕಾಲ ಇಳಿಯಬೇಕು. ಕೊನೆಯ ಹತ್ತು ಸುತ್ತುಗಳಲ್ಲಿ ಅದು ಇಳಿಯದೆ ಏರಿದ್ದರೆ, ಟೈರನ್ನು ಸವೆಸಿದ್ದೀರಿ ಅಥವಾ ದಣಿದಿದ್ದೀರಿ. ಮೊದಲ ಕೆಲವು ಸುತ್ತು ಬಿಟ್ಟು, ಒಂದು ಸುತ್ತಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ; ಅದು ಅರ್ಧ ಸೆಕೆಂಡಿನೊಳಗೆ ನಿಲ್ಲತೊಡಗಿದ ಮೇಲೆ ತಂಡವನ್ನು ಹುಡುಕಿ.